ನಿಮಗಿದು ಗೊತ್ತೇ? ಒಂದೂರಿನ ಕಥೆಗೆ ಸಾಮ್ರಾಜ್ಯ ಬೆಚ್ಚಿಬಿದ್ದದ್ದು

ಒಂದು ಕಾದಂಬರಿಯನ್ನು ಓದಿಸಲೆಂದೇ ಕಾನೂನು ಮಾಡಿದ ದೇಶವಿದೆ: ಫಿಲಿಪ್ಪೀನ್ಸ್. 1956ರ ಜೂನ್ 12ರಂದು ಜಾರಿಗೆ ಬಂದ ಗಣರಾಜ್ಯ ಕಾಯ್ದೆ 1425ರ ಪ್ರಕಾರ ಸರ್ಕಾರಿಯಾಗಲಿ ಖಾಸಗಿಯಾಗಲಿ, ಅಲ್ಲಿನ ಎಲ್ಲ ವಿದ್ಯಾಸಂಸ್ಥೆಗಳೂ ಹೊಸೆ ರಿಸಾಲ್ ಅವರ ಬದುಕು-ಬರಹವನ್ನು ಪಾಠ ಮಾಡಲೇಬೇಕು. ಅದರಲ್ಲೂ ಅವರ ಎರಡು ಕಾದಂಬರಿಗಳನ್ನು ಬಿಡುವಂತಿಲ್ಲ. ಕಾಯ್ದೆಗೆ ಸಹಿ ಹಾಕಿದವರು ಅಧ್ಯಕ್ಷ ರಾಮೋನ್ ಮ್ಯಾಗ್ಸೆಸೆ. ಹೌದು, ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಬಂದ ಪ್ರಶಸ್ತಿ ಇದೇ ಮ್ಯಾಗ್ಸೆಸೆ ಅವರ ಹೆಸರಿನದು.

ಆ ಎರಡರಲ್ಲಿ ಮೊದಲನೆಯದು ‘ನೋಲಿ ಮೆ ತಾಂಗೆರೆ’. ‘ನನ್ನನ್ನು ಮುಟ್ಟಬೇಡ’ ಎಂಬರ್ಥದ ಈ ಲ್ಯಾಟಿನ್ ಹೆಸರು ಬೈಬಲಿನಿಂದ ಬಂದದ್ದು. ಪುಸ್ತಕ ಅಚ್ಚಾದದ್ದು 1887ರಲ್ಲಿ, ಬರ್ಲಿನ್‌ನಲ್ಲಿ, ಆಗ ಫಿಲಿಪ್ಪೀನ್ಸನ್ನು ಆಳುತ್ತಿದ್ದ ಸ್ಪೇನಿನ ಸ್ಪ್ಯಾನಿಷ್ ಭಾಷೆಯಲ್ಲಿ. ಬರೆದಾತನಿಗೆ ಆಗ 25 ವರ್ಷ, ಓದಿದ್ದು ಕಣ್ಣಿನ ವೈದ್ಯಕೀಯ. ಏಳು ವರ್ಷ ಯುರೋಪಿನಲ್ಲಿದ್ದು ಊರಿಗೆ ಮರಳಿದ ಇಬಾರ್ರ ಎಂಬ ಯುವಕ ಸಾನ್ ದಿಯೆಗೊ ಎಂಬ ಸಣ್ಣ ಪಟ್ಟಣದಲ್ಲಿ ಒಂದು ಶಾಲೆ ಕಟ್ಟಿಸಲು ಹೊರಡುತ್ತಾನೆ. ಅವನು ಬಯಸಿದ್ದು ಇಷ್ಟೇ. 63 ಅಧ್ಯಾಯಗಳ ನಂತರ, ಉಪಸಂಹಾರಕ್ಕೆ ಬರುವಷ್ಟರಲ್ಲಿ, ಅವನು ಸರ್ಕಾರ ಬೇಟೆಯಾಡುವ ದ್ರೋಹಿ.

ಸಾಮ್ರಾಜ್ಯಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ವೈಸ್‌ರಾಯ್, ಯುದ್ಧ, ಒಪ್ಪಂದಗಳಿಂದ ಶುರುಮಾಡುತ್ತಾರೆ. ರಿಸಾಲ್ ಶುರುಮಾಡಿದ್ದು ಊಟದ ಮೇಜಿನಿಂದ. ಮನಿಲಾದ ಸಿರಿವಂತ ಕಪಿತಾನ್ ತಿಯಾಗೊ ಮನೆಯಲ್ಲಿ ಔತಣ. ಕುಂಬಳಕಾಯಿ ಹಾಕಿದ ಕೋಳಿಸಾರು, ಅವರ ಭಾಷೆಯಲ್ಲಿ ತಿನೋಲಾ, ಬಡಿಸುತ್ತಾರೆ. ಹೊರಗಿನಿಂದ ಬಂದ ಹುಡುಗ ಇಬಾರ್ರನ ತಟ್ಟೆಗೆ ಒಳ್ಳೊಳ್ಳೆಯ ತುಂಡುಗಳು ಬೀಳುತ್ತವೆ. ಇಪ್ಪತ್ತು ವರ್ಷ ಸಾನ್ ದಿಯೆಗೊ ಪಟ್ಟಣವನ್ನು ಆಳಿದ ಪಾದ್ರಿ ದಾಮಾಸೊಗೆ ಸಿಕ್ಕಿದ್ದು ಬರೀ ಕತ್ತಿನ ಮೂಳೆ, ಗಟ್ಟಿ ರೆಕ್ಕೆ, ಮಿಕ್ಕದ್ದೆಲ್ಲ ಕುಂಬಳಕಾಯಿ. ಪಾದ್ರಿ ಕುಂಬಳಕಾಯಿಯನ್ನು ಹಿಸುಕುತ್ತಾನೆ, ಒಂದು ಗುಟುಕು ಕುಡಿದು ಚಮಚವನ್ನು ಸದ್ದಾಗುವಂತೆ ಬಿಡುತ್ತಾನೆ, ತಟ್ಟೆಯನ್ನು ದೂರ ತಳ್ಳುತ್ತಾನೆ. ಇಡೀ ಕಾದಂಬರಿಯ ಹಗೆ ಆ ತಟ್ಟೆಯಲ್ಲಿದೆ. ಯಾರಿಗೆ ಯಾವ ತುಂಡು ಸಲ್ಲಬೇಕು ಎಂದು ತೀರ್ಮಾನಿಸುವ ಹಕ್ಕು ತನ್ನದೇ ಎಂದು ನಂಬಿದವನಿಗೆ ಮೊದಲ ಬಾರಿ ಕತ್ತಿನ ಮೂಳೆ ಬಂದಿದೆ. ‘ಇಮ್ಯಾಜಿನ್ಡ್ ಕಮ್ಯುನಿಟೀಸ್’ (1983) ಬರೆದ ಬೆನೆಡಿಕ್ಟ್ ಆಂಡರ್ಸನ್ ಕೂಡ ರಾಷ್ಟ್ರ ಎಂಬುದನ್ನು ಜನ ಮನಸ್ಸಿನಲ್ಲಿ ಕಟ್ಟಿಕೊಳ್ಳುವುದು ಹೇಗೆ ಎಂದು ವಿವರಿಸಲು ಇದೇ ಔತಣದ ಆರಂಭವನ್ನು ಉದಾಹರಣೆಯಾಗಿ ಆರಿಸಿಕೊಂಡರು. ಊಟದ ಸುದ್ದಿ ಮನಿಲಾದ ಬೀದಿಬೀದಿಗೆ ಹಬ್ಬುತ್ತದೆ. ಒಬ್ಬರನ್ನೊಬ್ಬರು ಕಾಣದ ನೂರಾರು ಜನ ಅದೇ ಹೊತ್ತಿನಲ್ಲಿ ಅದನ್ನೇ ಮಾತಾಡುತ್ತಿರುತ್ತಾರೆ.

ಪುಟ್ಟ ಊರಿನ ರಾಜಕೀಯವನ್ನು ಇಷ್ಟು ಕರಾರುವಾಕ್ಕಾಗಿ ಹಿಡಿದ ಅಧ್ಯಾಯ ಬೇರೆ ಕಾದಂಬರಿಗಳಲ್ಲಿ ಸಿಗುವುದು ಕಷ್ಟ: ಇಪ್ಪತ್ತನೆಯದು, ಊರಸಭೆಯ ಅಧ್ಯಾಯ. ಜಾತ್ರೆ ಹತ್ತಿರ ಬಂದಿದೆ, ದುಡ್ಡನ್ನು ಹೇಗೆ ಖರ್ಚು ಮಾಡುವುದು ಎಂದು ತೀರ್ಮಾನವಾಗಬೇಕು. ಸಭೆಯಲ್ಲಿ ಎರಡು ಗುಂಪು. ಹಳಬರದ್ದೊಂದು, ಯುವಕರದ್ದೊಂದು. ಯುವಕರ ನಾಯಕ ಡಾನ್ ಫಿಲಿಪೊಗೆ ಊರಿನ ಓದುಗ ಮುದುಕ ತಾಸಿಯೊ ಒಂದು ಉಪಾಯ ಹೇಳಿಕೊಟ್ಟಿದ್ದಾನೆ: ನೀನು ಏನು ಹೇಳಿದರೂ ಅವರು ಬೇಡ ಅನ್ನುತ್ತಾರೆ, ಆದ್ದರಿಂದ ನಿನಗೆ ಬೇಡವಾದದ್ದನ್ನೇ ಕೇಳು. ಫಿಲಿಪೊ ಎದ್ದು ಚೌಕದಲ್ಲಿ ದೊಡ್ಡ ರಂಗಮಂಟಪ, ಒಂದು ವಾರ ನಾಟಕ, ಭಾರೀ ಖರ್ಚು ಎಂದು ಪಟ್ಟಿ ಒಪ್ಪಿಸುತ್ತಾನೆ. ಹಳಬರು ಅದನ್ನು ಸೋಲಿಸುತ್ತಾರೆ. ಆಗ ಒಬ್ಬ ಯುವ ಸದಸ್ಯ ಮೆಲ್ಲಗೆ ಎದ್ದು, ಖರ್ಚು ಕಮ್ಮಿ ಮಾಡೋಣ, ಉಳಿದ ಹಣ ಊರಿಗೆ ಉಪಯೋಗವಾಗಲಿ, ಶಾಲೆಗೆ ಹೋಗಲಿ ಅನ್ನುತ್ತಾನೆ. ಫಿಲಿಪೊನ ಮುಖಭಂಗ ಮಾಡಿದ ಖುಷಿಯಲ್ಲಿ ಹಳಬರು ಅದಕ್ಕೆ ಕೈ ಎತ್ತುತ್ತಾರೆ. ನಿರ್ಣಯ ಪಾಸಾಗುತ್ತದೆ!

ಅಷ್ಟರಲ್ಲಿ ಊರ ಮುಖ್ಯಸ್ಥ ಸಂಕೋಚದಿಂದ ಬಾಯಿ ಬಿಡುತ್ತಾನೆ. ತನ್ನ ಅಭಿಪ್ರಾಯವೂ ಅದೇ, ಆದರೆ ಪಾದ್ರಿಗಳ ಇಷ್ಟ ಬೇರೆ: ಆರು ಮೆರವಣಿಗೆ, ಮೂರು ಉಪದೇಶ, ಮೂರು ದೊಡ್ಡ ಪೂಜೆ, ದುಡ್ಡು ಮಿಕ್ಕರೆ ಒಂದು ನಾಟಕ. ಅಲ್ಲಿಗೆ ಸಭೆ ಮುಗಿಯಿತು. ಚರ್ಚೆಯಾಗಿದೆ, ಮತದಾನವಾಗಿದೆ, ಎಲ್ಲವೂ ಕ್ರಮಬದ್ಧ. ಅಧಿಕಾರ ಮಾತ್ರ ಆ ಕೋಣೆಯಲ್ಲಿ ಇರಲೇ ಇಲ್ಲ. ನಮ್ಮಲ್ಲಿ ಪಂಚಾಯಿತಿ ಸಭೆಗಳಲ್ಲಿ ಕೂತು ಬಂದವರಿಗೆ ಈ ಅಧ್ಯಾಯಕ್ಕೆ ಟಿಪ್ಪಣಿ ಬೇಕಾಗುವುದಿಲ್ಲ.

ಊರಿನ ನಿಜವಾದ ದೊರೆಗಳು ಇಬ್ಬರು: ಚರ್ಚಿನ ಪಾದ್ರಿ ಮತ್ತು ಸಿವಿಲ್ ಗಾರ್ಡ್ ಪಡೆಯ ಅಧಿಕಾರಿ. ಅಧಿಕಾರಿ ಚರ್ಚಿಗೆ ಬಂದ ದಿನ ಪಾದ್ರಿ ಬಾಗಿಲು ಮುಚ್ಚಿಸಿ, ಮುಗಿಯದಷ್ಟು ಉದ್ದದ ಉಪದೇಶ ಮಾಡುತ್ತಾನೆ. ಅಧಿಕಾರಿ ಪಾದ್ರಿಯ ಆಳನ್ನು ಹಿಡಿಸಿ, ಹೊಡೆಸಿ, ಠಾಣೆಯ ನೆಲ ಉಜ್ಜಿಸುತ್ತಾನೆ. ದಾರಿಯಲ್ಲಿ ಎದುರಾದರೆ ಇಬ್ಬರೂ ಕೈ ಕುಲುಕುತ್ತಾರೆ. ಹೊಡೆತ ಬೀಳುವುದು ಯಾವಾಗಲೂ ಮೂರನೆಯವನಿಗೆ.

ಇಬಾರ್ರನಿಗೆ ಶಾಲೆಯ ಹುಚ್ಚು ಯಾಕೆ ಹಿಡಿಯಿತು ಅನ್ನುವುದಕ್ಕೆ ಮೇಷ್ಟರ ಅಧ್ಯಾಯ ಓದಬೇಕು. ಆ ಊರಿನಲ್ಲಿ ಶಾಲೆಗೆ ಕಟ್ಟಡವಿಲ್ಲ. ಪಾಠ ನಡೆಯುವುದು ಪಾದ್ರಿಯ ನಿವಾಸದ ಕೆಳಗೆ, ಅವನ ಸಾರೋಟು ನಿಲ್ಲಿಸುವ ಜಾಗದ ಪಕ್ಕ. ಮಕ್ಕಳು ಗಟ್ಟಿಯಾಗಿ ಓದಿದರೆ ಮೇಲಿರುವವರ ನೆಮ್ಮದಿ ಕೆಡುತ್ತದೆ, ಪಾದ್ರಿ ಇಳಿದು ಬಂದು ಮಕ್ಕಳನ್ನೂ ಮೇಷ್ಟರನ್ನೂ ಬೈಯುತ್ತಾನೆ. ಮೇಷ್ಟರು ಮಕ್ಕಳಿಗೆ ಸ್ಪ್ಯಾನಿಷ್ ಕಲಿಸಲು ಹೊರಟರೆ ಅದಕ್ಕೂ ತಡೆ. ಆಳುವವರ ಭಾಷೆ ಗೊತ್ತಾದರೆ ಆಳಿಸಿಕೊಳ್ಳುವವರು ಎದುರು ಮಾತಾಡುತ್ತಾರೆ ಎಂಬ ಭಯ. ಮೇಷ್ಟರು ಬೆತ್ತ ಬಿಟ್ಟು ಪ್ರೀತಿಯಿಂದ ಕಲಿಸಲು ನೋಡಿದಾಗ, ಹೊಡೆಯದೆ ಮಕ್ಕಳು ಕಲಿಯುತ್ತಾರೆಯೇ ಎಂದು ಹೆತ್ತವರೇ ತಕರಾರು ತೆಗೆಯುತ್ತಾರೆ. ಈ ಕೊನೆಯ ವಿವರಕ್ಕಾಗಿ ನನಗೆ ರಿಸಾಲ್ ಮೇಲೆ ಗೌರವ ಹೆಚ್ಚು. ತಪ್ಪನ್ನೆಲ್ಲ ಪರಕೀಯರ ತಲೆಗೆ ಕಟ್ಟಿ ಆತ ಕೈ ತೊಳೆದುಕೊಳ್ಳಲಿಲ್ಲ.

ಕಾದಂಬರಿಯ ಸಿಸಾ ಎಂಬ ಬಡ ತಾಯಿಯನ್ನು ಇಬ್ಬರು ಗಾರ್ಡ್‌ಗಳ ನಡುವೆ ಊರಿನಲ್ಲಿ ನಡೆಸಿಕೊಂಡು ಹೋಗುತ್ತಾರೆ. ಚರ್ಚಿನ ಗಂಟೆ ಬಾರಿಸುವ ಅವಳ ಎಳೆಯ ಮಗನ ಮೇಲೆ ಚಿನ್ನದ ನಾಣ್ಯ ಕದ್ದ ಸುಳ್ಳು ಆರೋಪ. ಅವಮಾನಕ್ಕೆ, ಮಕ್ಕಳು ಸಿಗದ ಸಂಕಟಕ್ಕೆ ಅವಳಿಗೆ ಬುದ್ಧಿ ಭ್ರಮಣೆಯಾಗುತ್ತದೆ. ರಿಸಾಲ್ ಇದನ್ನು ಕಲ್ಪಿಸಿಕೊಳ್ಳಲು ದೂರ ಹೋಗಬೇಕಾಗಿರಲಿಲ್ಲ. ಆತ ಬಾಲಕನಾಗಿದ್ದಾಗ ತಾಯಿ ತೆಯೊದೋರಾ ಅಲೊನ್ಸೊ ಅವರನ್ನು, ನಾದಿನಿಗೆ ವಿಷ ಹಾಕಲು ಯತ್ನಿಸಿದರೆಂಬ ಆರೋಪ ಹೊರಿಸಿ, ಕಲಾಂಬದಿಂದ ಸಾಂತಾ ಕ್ರೂಸ್‌ವರೆಗೆ ಸುಮಾರು 50 ಕಿಲೋಮೀಟರ್ ನಡೆಸಿಕೊಂಡು ಹೋಗಿದ್ದರು. ಎರಡೂವರೆ ವರ್ಷ ಆಕೆ ಸೆರೆಯಲ್ಲಿದ್ದರು.

ಆಗ ‘ಫಿಲಿಪಿನೊ’ ಎಂದರೆ ಯಾರು? ಆ ದ್ವೀಪಗಳಲ್ಲಿ ಹುಟ್ಟಿದ ಸ್ಪ್ಯಾನಿಷ್ ರಕ್ತದವರು! ಅವರಿಗಿಂತ ಮೇಲೆ ಸ್ಪೇನಿನಲ್ಲೇ ಹುಟ್ಟಿದವರು, ಕೆಳಗೆ ಮಿಶ್ರ ಸಂತತಿಯವರು, ಎಲ್ಲರಿಗಿಂತ ಕೆಳಗೆ ನೆಲದ ಮಕ್ಕಳು. ಅವರನ್ನು ಕರೆಯುತ್ತಿದ್ದದ್ದು ‘ಇಂದಿಯೊ’ ಎಂದು. ಕೆಲವರಿಗಷ್ಟೇ ಮೀಸಲಾಗಿದ್ದ ಹೆಸರನ್ನು ಎಲ್ಲರೂ ತಮ್ಮದೆಂದು ಹೇಳಿಕೊಳ್ಳುವಂತೆ ಮಾಡಿದ್ದು ರಿಸಾಲ್ ಪೀಳಿಗೆ. ಒಂದು ರಾಷ್ಟ್ರ ಹುಟ್ಟಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕಿಲ್ಲ.

ಮನೆತನದ ಹೆಸರುಗಳೂ ಸರ್ಕಾರ ಹಂಚಿದ್ದೇ. 1849ರಲ್ಲಿ ಗವರ್ನರ್ ಜನರಲ್ ಕ್ಲಾವೆರಿಯಾ ಅಕ್ಷರಾನುಕ್ರಮದ ಹೆಸರುಪಟ್ಟಿಯೊಂದನ್ನು ಅಚ್ಚು ಹಾಕಿಸಿ ಊರೂರಿಗೆ ಕಳಿಸಿದ. ತೆರಿಗೆ, ಜನಗಣತಿಗೆ ಅನುಕೂಲವಾಗಲೆಂಬ ಲೆಕ್ಕ. ಕೆಲವು ಕಡೆ ಇಡೀ ಊರಿನವರ ಹೆಸರು ಒಂದೇ ಅಕ್ಷರದಿಂದ ಶುರುವಾಗಲು ಇದೇ ಕಾರಣ.

ಈ ಕಾದಂಬರಿ ಮೂಲತಃ ಒಬ್ಬರದ್ದಾಗಬೇಕಿರಲಿಲ್ಲ. 1884ರ ಆರಂಭದಲ್ಲಿ ಮ್ಯಾಡ್ರಿಡ್‌ನಲ್ಲಿ ಸೇರಿದ್ದ ಫಿಲಿಪ್ಪೀನ್ಸ್ ಗೆಳೆಯರ ಮುಂದೆ ರಿಸಾಲ್, ನಾವೆಲ್ಲ ಸೇರಿ ನಮ್ಮ ನಾಡಿನ ಬಗ್ಗೆ ಒಂದು ಕಾದಂಬರಿ ಬರೆಯೋಣ ಎಂದಿದ್ದರು. ಎಲ್ಲರೂ ಒಪ್ಪಿದರು, ಯಾರೂ ಬರೆಯಲಿಲ್ಲ. ಅಮೆರಿಕದ ಗುಲಾಮಗಿರಿಯ ಕಥೆ ಹೇಳಿದ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಓದಿ ಪ್ರೇರಣೆ ಪಡೆದಿದ್ದ ರಿಸಾಲ್ ಒಬ್ಬರೇ ಕೂತರು. ಮ್ಯಾಡ್ರಿಡ್‌ನಲ್ಲಿ ಸುಮಾರು ಅರ್ಧ, ಪ್ಯಾರಿಸ್‌ನಲ್ಲಿ ಸ್ವಲ್ಪ, ಉಳಿದದ್ದು ಜರ್ಮನಿಯಲ್ಲಿ.

ಬರ್ಲಿನ್‌ನ ಚಳಿಗಾಲದಲ್ಲಿ ಕೈಯಲ್ಲಿ ಕಾಸಿಲ್ಲ. ಅಚ್ಚಿನ ಖರ್ಚಿಗೆ 300 ಪೆಸೊ ಸಾಲ ಕೊಟ್ಟವರು ವೈದ್ಯ ಮಿತ್ರ ಮಾಕ್ಸಿಮೊ ವಿಯೋಲಾ. ಅಚ್ಚಾದದ್ದು 2000 ಪ್ರತಿ. ಖರ್ಚು ಉಳಿಸಲು ‘ಎಲಿಯಾಸ್ ಮತ್ತು ಸಲೋಮೆ’ ಎಂಬ ಇಡೀ ಅಧ್ಯಾಯವನ್ನೇ ರಿಸಾಲ್ ಕಿತ್ತುಹಾಕಿದರು. ದೇಶಭ್ರಷ್ಟ ದೋಣಿಗಾರ ಎಲಿಯಾಸ್‌ನನ್ನು ಒಬ್ಬ ಹೆಣ್ಣು ಪ್ರೀತಿಸಿದ್ದಳು ಎಂಬುದು ಆ ಕಾರಣಕ್ಕೆ ಮೊದಲ ಓದುಗರಿಗೆ ತಿಳಿಯಲೇ ಇಲ್ಲ. ನನ್ನ ಮಟ್ಟಿಗೆ ಕಾದಂಬರಿಗೆ ಆದ ನಿಜವಾದ ನಷ್ಟ ಇದು. ಎಲಿಯಾಸ್ ಈಗ ಬರೀ ತ್ಯಾಗದ ಮೂರ್ತಿಯಂತೆ ಕಾಣುತ್ತಾನೆ. ಸಲೋಮೆ ಇದ್ದಿದ್ದರೆ ಅವನು ಏನನ್ನು ಬಿಟ್ಟುಕೊಟ್ಟ ಎಂದು ನಮಗೆ ತಿಳಿಯುತ್ತಿತ್ತು.

ಅಚ್ಚಿನ ಮನೆಯಿಂದ ಬಂದ ಪ್ರತಿಗಳಲ್ಲೊಂದು ಬೊಹೀಮಿಯಾದ ಲೈಟ್ಮೆರಿಟ್ಸ್ ಊರಿನ ಶಾಲಾ ಮೇಷ್ಟರು ಫರ್ಡಿನಾಂಡ್ ಬ್ಲುಮೆಂಟ್ರಿಟ್ ಅವರಿಗೆ ಹೋಯಿತು. ಫಿಲಿಪ್ಪೀನ್ಸಿಗೆ ಒಮ್ಮೆಯೂ ಕಾಲಿಡದ ಈ ವಿದ್ವಾಂಸ ರಿಸಾಲ್‌ಗೆ ಕೊನೆಯವರೆಗೂ ಆಪ್ತಮಿತ್ರ.

ಸ್ಪೇನಿನ ಆಡಳಿತ ಹೇಗೆ ಪ್ರತಿಕ್ರಿಯಿಸಿತು? 1887ರಲ್ಲೇ ಮನಿಲಾದ ಸಾಂತೊ ತೊಮಾಸ್ ವಿಶ್ವವಿದ್ಯಾಲಯದ ಸಮಿತಿ ಪುಸ್ತಕವನ್ನು ಧರ್ಮವಿರೋಧಿ, ದೇಶವಿರೋಧಿ ಎಂದು ಸಾರಿತು. ಸೆನ್ಸಾರ್ ಮಂಡಳಿಯ ಪಾದ್ರಿ ಸಾಲ್ವದೋರ್ ಫೋಂತ್ ಸಂಪೂರ್ಣ ನಿಷೇಧಕ್ಕೆ ಶಿಫಾರಸು ಮಾಡಿದರು. ಪುಸ್ತಕದ ಮಾತು ಮ್ಯಾಡ್ರಿಡ್‌ನ ಸೆನೆಟ್‌ವರೆಗೂ ಹೋಯಿತು. ವಿಚಿತ್ರವೆಂದರೆ ಗವರ್ನರ್ ಜನರಲ್ ತೆರ್ರೆರೊ ಮಾತ್ರ ರಿಸಾಲ್‌ರನ್ನು ಕರೆಸಿ ಪುಸ್ತಕ ಕೇಳಿ, ಅವರ ರಕ್ಷಣೆಗೆ ತವಿಯೆಲ್ ದೆ ಆಂದ್ರಾದೆ ಎಂಬ ಯುವ ಲೆಫ್ಟಿನೆಂಟ್‌ನನ್ನೂ ನೇಮಿಸಿದ. ಕಣ್ಣಿಡಲು ಬಂದ ಆ ಸ್ಪ್ಯಾನಿಷ್ ಅಧಿಕಾರಿ ರಿಸಾಲ್‌ಗೆ ಗೆಳೆಯನಾಗಿಬಿಟ್ಟ.

1888ರಲ್ಲಿ ಪಾದ್ರಿ ಹೊಸೆ ರೊದ್ರಿಗೆಸ್ ‘ಕಾಯಿಂಗಾತ್ ಕಾಯೊ’, ಅಂದರೆ ಎಚ್ಚರಿಕೆ, ಎಂಬ ಕಿರುಹೊತ್ತಗೆ ಬರೆದು, ಈ ಕಾದಂಬರಿ ಓದಿದರೆ ಮಹಾಪಾಪ ಎಂದರು. ಪತ್ರಕರ್ತ ಮಾರ್ಸೆಲೊ ದೆಲ್ ಪಿಲಾರ್ ಒಂದೇ ಒಂದು ಅಕ್ಷರ ಬಿಟ್ಟು ‘ಕಾಯಿಗಾತ್ ಕಾಯೊ’ ಎಂಬ ಮಾರುತ್ತರ ಹೊರಡಿಸಿದರು. ಹಾವುಮೀನಿನಂತೆ ನುಣುಚಿಕೊಳ್ಳಿ ಎಂದು ಅದರ ಅರ್ಥ. ಜನ ಎರಡನೆಯವರ ಮಾತು ಕೇಳಿದರು, ಪುಸ್ತಕವನ್ನು ಮುಚ್ಚಿಟ್ಟುಕೊಂಡು ಓದಿದರು.

ಕಥೆಯ ಸಾನ್ ದಿಯೆಗೊವನ್ನು ರಿಸಾಲ್ ಹುಟ್ಟೂರು ಕಲಾಂಬದ ಪ್ರತಿರೂಪವೆಂದು ಓದುವವರು ಬಹಳ. ಆ ಕಲಾಂಬದಲ್ಲಿ ಆಮೇಲೆ ನಡೆದದ್ದು ಕಥೆಯನ್ನೂ ಮೀರಿಸಿತು. ಊರಿನ ಜಮೀನು ಡೊಮಿನಿಕನ್ ಸಂನ್ಯಾಸಿಗಳ ಎಸ್ಟೇಟಿಗೆ ಸೇರಿದ್ದು. ಗೇಣಿ ಏರುತ್ತಲೇ ಇತ್ತು. 1887ರ ಆಗಸ್ಟ್‌ನಲ್ಲಿ ಊರಿಗೆ ಮರಳಿ, ತಾಯಿಯ ಕಣ್ಣಿಗೆ ಚಿಕಿತ್ಸೆ ಮಾಡುತ್ತಿದ್ದ ರಿಸಾಲ್, ಗೇಣಿದಾರರ ಅಹವಾಲನ್ನು ಲೆಕ್ಕಪತ್ರ ಸಹಿತ ಬರೆದು ಸರ್ಕಾರಕ್ಕೆ ಒಪ್ಪಿಸಲು ನೆರವಾದರು. ಫಲ? 1888ರ ಫೆಬ್ರವರಿಯಲ್ಲಿ ಅವರೇ ದೇಶ ಬಿಡಬೇಕಾಯಿತು. ವ್ಯಾಜ್ಯ ಕೋರ್ಟು ಹತ್ತಿತು. ಗವರ್ನರ್ ವೆಯ್ಲರ್ ಕಾಲದಲ್ಲಿ ಸೈನ್ಯ ಬಂದು, ರಿಸಾಲ್ ಮನೆಯವರನ್ನೂ ಸೇರಿಸಿ ಗೇಣಿದಾರರನ್ನು ಒಕ್ಕಲೆಬ್ಬಿಸಿತು. ಎರಡನೆಯ ಕಾದಂಬರಿ ‘ಎಲ್ ಫಿಲಿಬುಸ್ತೆರಿಸ್ಮೊ’ ಮೊದಲನೆಯದಕ್ಕಿಂತ ಕಹಿಯಾಗಿರುವುದು ಇದರಿಂದಲೇ ಎಂದು ನನಗನಿಸುತ್ತದೆ. ಮೊದಲನೆಯದರಲ್ಲಿ ಶಾಲೆ ಕಟ್ಟಲು ಬಂದ ಇಬಾರ್ರ ಇದರಲ್ಲಿ ಹೆಸರು ಬದಲಿಸಿಕೊಂಡ ರತ್ನವ್ಯಾಪಾರಿಯಾಗಿ, ಸಿಡಿಮದ್ದು ತುಂಬಿದ ದೀಪದೊಂದಿಗೆ ಮರಳುತ್ತಾನೆ.

ಆ ಎರಡನೆಯದು 1891ರಲ್ಲಿ ಬೆಲ್ಜಿಯಂನ ಗೆಂಟ್‌ನಲ್ಲಿ ಅಚ್ಚಾಯಿತು. ಅರ್ಪಣೆ 1872ರಲ್ಲಿ ಸ್ಪೇನ್ ಸರ್ಕಾರ ಕೊಂದ ಮೂವರು ದೇಶೀ ಪಾದ್ರಿಗಳಿಗೆ: ಗೋಮೆಸ್, ಬುರ್ಗೋಸ್, ಸಮೋರಾ. 1892ರಲ್ಲಿ ರಿಸಾಲ್‌ರನ್ನು ಗಡೀಪಾರು ಮಾಡಿದ ಆದೇಶದಲ್ಲಿ ಈ ಅರ್ಪಣೆಯೂ ಒಂದು ಅಪರಾಧವಾಗಿ ದಾಖಲಾಗಿದೆ.

ಗಡೀಪಾರಾದ ದಪಿತಾನ್ ಎಂಬ ಮೂಲೆಯ ಊರಿನಲ್ಲಿ ನಾಲ್ಕು ವರ್ಷ. ಅಲ್ಲಿ ರಿಸಾಲ್ ಶಾಲೆ ನಡೆಸಿದರು, ಕಣ್ಣಿನ ಚಿಕಿತ್ಸೆ ಮಾಡಿದರು, ಊರಿಗೆ ನೀರು ತಂದರು. ಇಬಾರ್ರನಿಗೆ ಕಾದಂಬರಿಯಲ್ಲಿ ಆಗದ ಕೆಲಸವನ್ನು ಅವನನ್ನು ಸೃಷ್ಟಿಸಿದವರು ಗಡೀಪಾರಿನಲ್ಲಿದ್ದುಕೊಂಡು ಮಾಡಿದರು. ಯುರೋಪಿನ ವಿಜ್ಞಾನಿಗಳಿಗೆ ಅವರು ಕಳಿಸಿದ ಜೀವಿಗಳಲ್ಲಿ ಒಂದು ಹಾರುವ ಓತಿ, ಒಂದು ಕಪ್ಪೆ, ಒಂದು ಜೀರುಂಡೆ ರಿಸಾಲ್ ಹೆಸರು ಹೊತ್ತವು.

1896ರ ಡಿಸೆಂಬರ್ 30ರಂದು ಮನಿಲಾದಲ್ಲಿ ರಿಸಾಲ್‌ಗೆ ಗುಂಡಿಕ್ಕಿದರು. ವಯಸ್ಸು 35. ಬಂದೂಕು ಹಿಡಿದವರು ಸ್ಥಳೀಯ ಸಿಪಾಯಿಗಳು, ಅವರ ಬೆನ್ನ ಹಿಂದೆ ಸ್ಪ್ಯಾನಿಷ್ ಸೈನಿಕರು. ಕೊನೆಯ ಕವಿತೆ ಸೆರೆಮನೆಯಿಂದ ಹೊರಬಿದ್ದದ್ದು ಒಂದು ಚಿಕ್ಕ ಸ್ಟೌವಿನೊಳಗೆ.

ಅಮೆರಿಕದ ಸಂಸತ್ತಿನಲ್ಲೂ ಆ ಕವಿತೆ ಕೇಳಿಬಂತು. ಸ್ಪೇನಿನಿಂದ 2 ಕೋಟಿ ಡಾಲರಿಗೆ ದ್ವೀಪಗಳನ್ನು ಪಡೆದ ಅಮೆರಿಕ 1902ರಲ್ಲಿ ಅವುಗಳ ಆಡಳಿತ ಮಸೂದೆ ಚರ್ಚಿಸುತ್ತಿದ್ದಾಗ, ಈ ಜನ ನಾಗರಿಕರೇ ಎಂಬ ಅನುಮಾನಕ್ಕೆ ಉತ್ತರವಾಗಿ ಸದಸ್ಯ ಹೆನ್ರಿ ಕೂಪರ್ ಅದನ್ನು ಓದಿದರು. ಅದೇ ಅಮೆರಿಕದ ಆಡಳಿತ 1901ರ ಕಾನೂನಿನಲ್ಲಿ ಸ್ವಾತಂತ್ರ್ಯ ಬೇಕೆಂದು ಸಾರುವುದನ್ನು ಅಪರಾಧ ಮಾಡಿತ್ತು. ಅದೇ ವರ್ಷ ಒಂದು ಪ್ರಾಂತಕ್ಕೆ ರಿಸಾಲ್ ಹೆಸರನ್ನೂ ಇಟ್ಟಿತ್ತು. ತೀರಿಕೊಂಡ ನಾಯಕನನ್ನು ಹೊಸ ಸಾಮ್ರಾಜ್ಯ ತನ್ನ ಗೋಡೆಗೆ ನೇತುಹಾಕಿಕೊಳ್ಳುವ ರೀತಿ ಇದು.

ಆ ರಿಸಾಲ್ ಪ್ರಾಂತದ ಕೈಂತಾ ಎಂಬ ಪಟ್ಟಣಕ್ಕೂ ದಕ್ಷಿಣ ಭಾರತಕ್ಕೂ ರಕ್ತಸಂಬಂಧವಿದೆ. 1762ರಲ್ಲಿ ಬ್ರಿಟಿಷರು ಮದರಾಸಿನಿಂದ ಹಡಗು ಹತ್ತಿಸಿದ ಸಿಪಾಯಿಗಳ ನೆರವಿನಿಂದ ಮನಿಲಾವನ್ನು ಗೆದ್ದರು. 1764ರಲ್ಲಿ ಬ್ರಿಟಿಷರು ಹೊರಟಾಗ ಒಂದಷ್ಟು ಸಿಪಾಯಿಗಳು ಹಿಂದಿರುಗದೆ ಕೈಂತಾದಲ್ಲಿ ನೆಲೆಸಿದರು, ಅಲ್ಲಿನವರನ್ನೇ ಮದುವೆಯಾದರು.

ಇನ್ನು ಮೊದಲು ಹೇಳಿದ ಕಾನೂನಿನ ಕಥೆ. ಸೆನೆಟರ್ ಕ್ಲಾರೊ ರೆಕ್ಟೊ ಅದನ್ನು ಮುಂದಿಟ್ಟಾಗ ಕ್ಯಾಥೊಲಿಕ್ ಚರ್ಚು ಜೋರಾಗಿ ವಿರೋಧಿಸಿತು. ಸ್ವತಂತ್ರ ದೇಶದಲ್ಲಿ, 70 ವರ್ಷ ಹಳೆಯ ಪುಸ್ತಕಕ್ಕೆ! ಕಡೆಗೆ ಕಾಲೇಜುಗಳಲ್ಲಿ ಕತ್ತರಿ ಹಾಕದ ಮೂಲಪಾಠವೇ ಇರಬೇಕು, ಧಾರ್ಮಿಕ ಕಾರಣಕ್ಕೆ ಓದಲಾಗದವರು ವಿನಾಯಿತಿ ಕೇಳಬಹುದು ಎಂದು ರಾಜಿಯಾಯಿತು.

1961ರಲ್ಲಿ, ರಿಸಾಲ್ ಜನ್ಮಶತಮಾನೋತ್ಸವದ ವರ್ಷ, ಕಾದಂಬರಿಗಳ ಹಸ್ತಪ್ರತಿಗಳನ್ನು ಕದ್ದ ಕಳ್ಳರು ಹಣಕ್ಕೆ ಬೇಡಿಕೆಯಿಟ್ಟರು. ಶಿಕ್ಷಣ ಸಚಿವ ಅಲೆಹಾಂದ್ರೊ ರೋಸೆಸ್ ಮಾತುಕತೆ ನಡೆಸಿ ಅವನ್ನು ಉಳಿಸಿಕೊಂಡರು.

ನ್ಯಾಯಾಲಯದಲ್ಲೂ ಈ ಕಾದಂಬರಿಯ ನೆರಳಿತ್ತು. ನಾಯಕಿ ಮರಿಯಾ ಕ್ಲಾರಾಳ ಹೆಸರಿನಲ್ಲಿ ಅಲ್ಲಿ ಒಂದು ‘ತತ್ವ’ವೇ ಇತ್ತು. ಮರ್ಯಾದಸ್ಥ ಫಿಲಿಪಿನೊ ಹೆಣ್ಣು ನಿಜವಾಗಿ ಅತ್ಯಾಚಾರವಾಗದ ಹೊರತು ಹಾಗೆಂದು ಹೇಳಿಕೊಳ್ಳುವುದಿಲ್ಲ ಎಂಬ 1960ರ ತೀರ್ಪಿನ ತರ್ಕ. ಸಂತ್ರಸ್ತೆಯ ಪರವೆಂದು ಕಾಣುವ ಈ ಮಾತು ಹೆಣ್ಣನ್ನು ನಾಚಿಕೆಯ ಗೊಂಬೆಯಾಗಿ ಮಾತ್ರ ಕಂಡಿತ್ತು. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಸಾಕ್ಷ್ಯವನ್ನು ಇಂಥ ಕಲ್ಪನೆಯ ಮೇಲೆ ಅಳೆಯಲಾಗದು ಎಂದು ಅದನ್ನು ಕೈಬಿಟ್ಟಿತು. 2022ರ ಟಿವಿ ಧಾರಾವಾಹಿ ‘ಮರಿಯಾ ಕ್ಲಾರಾ ಅಟ್ ಇಬಾರ್ರಾ’ದಲ್ಲಂತೂ ರಿಸಾಲ್ ಪಾಠವೆಂದರೆ ಬೇಸರಪಡುವ ಇಂದಿನ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಕಾದಂಬರಿಯೊಳಕ್ಕೇ ಬಿದ್ದು ಅದರ ಪಾತ್ರಗಳ ಜೊತೆ ವಾದಕ್ಕಿಳಿಯುತ್ತಾಳೆ.

ರಿಸಾಲ್ ಮೂರನೆಯ ಕಾದಂಬರಿಯೊಂದನ್ನೂ ಶುರುಮಾಡಿದ್ದರು ಗೊತ್ತೇ? ಈ ಬಾರಿ ಸ್ಪೇನಿನವರಿಗಾಗಿ ಅಲ್ಲ, ತನ್ನವರಿಗಾಗಿ, ತಗಾಲೊಗ್ ಭಾಷೆಯಲ್ಲಿ. ಕೈ ಓಡಲಿಲ್ಲ. ಓದಿದ್ದೆಲ್ಲ ಸ್ಪ್ಯಾನಿಷ್‌ನಲ್ಲಿ ಆದವರ ಕಷ್ಟ ಅದು. ಮತ್ತೆ ಸ್ಪ್ಯಾನಿಷ್‌ಗೆ ಹೊರಳಿದರು, ಆಮೇಲೆ ಬಿಟ್ಟರು. ಆ ಹಾಳೆಗಳು ‘ನೋಲಿ’ಯ ಕರಡು ಎಂಬ ಹಣೆಪಟ್ಟಿಯಡಿ ರಾಷ್ಟ್ರೀಯ ಗ್ರಂಥಾಲಯದಲ್ಲಿ ಬಿದ್ದಿದ್ದವು. ಅವು ಬೇರೆಯೇ ಕಾದಂಬರಿ ಎಂದು ಗುರುತಿಸಿದ ಇತಿಹಾಸಕಾರ ಆಂಬೆತ್ ಒಕಾಂಪೊ 1992ರಲ್ಲಿ ‘ಮಾಕಮಿಸಾ’ ಎಂದು ಪ್ರಕಟಿಸಿದರು. ಅದೂ ಒಂದು ಸಣ್ಣ ಊರಿನ ಕಥೆಯೇ, ಊರ ಹೆಸರು ಪಿಲಿ. ಪಾದ್ರಿ ಅಗತೋನ್ ಆ ದಿನ ಪೂಜೆಯನ್ನು ಗಡಿಬಿಡಿಯಲ್ಲಿ ಮುಗಿಸಿ ಸಿಡುಕುತ್ತ ಹೊರಟುಹೋದದ್ದು ಯಾಕೆ ಎಂದು ಊರಿಗೆ ಊರೇ ತಲೆ ಕೆಡಿಸಿಕೊಳ್ಳುವುದರೊಂದಿಗೆ ಅದು ಶುರುವಾಗುತ್ತದೆ.